ಮನೆಗೊಂದು ಎಚ್ಚರಿಕೆಯ ಗಂಟೆ: ಯೋಜನೆ ಮತ್ತು ಜೋಡಣೆ

ಮಾನವನು ಮನೆ ಕಟ್ಟಿಕೊಂಡಂದಿನಿಂದ ಕಳ್ಳನ ಭಯವೂ ಅವನ ಬೆನ್ನು ಹತ್ತಿದೆ. ಗೋಡೆಯನ್ನು ಕೊರೆದು ಒಳನುಗ್ಗುವ ಕಳವಿಗೆ 'ಕನ್ನ' ಎಂಬ ಪ್ರತ್ಯೇಕ ಶಬ್ದವೇ ಕನ್ನಡದಲ್ಲಿ ಉಂಟು. ಶೂದ್ರಕನ 'ಮೃಚ್ಛಕಟಿಕ' ನಾಟಕದ ಮೂರನೆಯ ಅಂಕವು ಇಂಥ ಒಂದು ಕನ್ನದ ಪ್ರಸಂಗಕ್ಕೇ ಮೀಸಲಾಗಿದೆ. ಶರ್ವಿಲಕನೆಂಬ ಕಳ್ಳನು ಚಾರುದತ್ತನ ಮನೆಯ ಗೋಡೆಗೆ ಕನ್ನವಿಕ್ಕುವಾಗ ಅಳತೆಯ ದಾರವನ್ನು ಮರೆತು ಬಂದುದರಿಂದ ತನ್ನ ಜನಿವಾರದಿಂದಲೇ ಅಳತೆ ಹಿಡಿಯುತ್ತಾನೆ. ಒಳಗೆ ಮಲಗಿದ್ದ ಮೈತ್ರೇಯನು ಒಡವೆಯ ಕರಂಡಕವನ್ನು ನಿದ್ದೆಗಣ್ಣಿನಲ್ಲಿ ತಾನೇ ಅವನ ಕೈಗೆ ಒಪ್ಪಿಸಿಬಿಡುತ್ತಾನೆ. ಅಲ್ಲಿ ಕೊರತೆಯಾದುದು ಗೋಡೆಯ ದಪ್ಪವಲ್ಲ, ಮನೆಯವರ ಎಚ್ಚರ. ಆ ಎಚ್ಚರವನ್ನು ಒಂದು ಯಂತ್ರಕ್ಕೆ ವಹಿಸಿಕೊಡುವ ಪ್ರಯತ್ನವೇ ಕಳ್ಳಗಂಟೆ, ಅಂದರೆ ಇಂದು ಎಲ್ಲರೂ 'ಬರ್ಗ್ಲರ್ ಅಲಾರಂ' ಎಂದು ಕರೆಯುವ ಸಾಧನ.

ಈ ಸಾಧನವನ್ನು ಪೇಟೆಯಿಂದ ಸಿದ್ಧವಾಗಿಯೇ ತರಬಹುದು. ಆದರೆ ಹತ್ತನೆಯ ತರಗತಿಯ ವಿದ್ಯುತ್ತು ಮತ್ತು ಕಾಂತತ್ವದ ಪಾಠವನ್ನು ಮನಸ್ಸಿಟ್ಟು ಓದಿದ ಯಾರಾದರೂ ಅದನ್ನು ತಮ್ಮ ಕೈಯಿಂದಲೇ ಜೋಡಿಸಬಲ್ಲರು. ಜೋಡಣೆಗಿಂತಲೂ ಮಹತ್ವದ್ದು ಅದರ ಹಿಂದಿನ ಯೋಜನೆ. ಯಾವ ಬಾಗಿಲಿಗೆ ಏನನ್ನು ಅಳವಡಿಸಬೇಕು, ವಿದ್ಯುತ್ತು ಹೋದಾಗ ಏನಾಗಬೇಕು, ಗಂಟೆ ಬಾರಿಸಿದಾಗ ಓಡಿ ಬರುವವರು ಯಾರು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳದಿದ್ದರೆ, ಎಷ್ಟು ಬೆಲೆಯ ಯಂತ್ರವಾದರೂ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಈ ಭಾಗದ ಮನೆ, ಈ ಭಾಗದ ಕಾಲ

ಚಿಂಚೋಳಿ ತಾಲೂಕಿನ ಐನಾಪುರದಂಥ ಊರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕಲ್ಲಿನ ದಪ್ಪ ಗೋಡೆ, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಒಂದು ಬದಿಗೆ ತಿಜೋರಿ ಇಟ್ಟ ಒಳಕೋಣೆ, ಹಿಂದೆ ಅಡುಗೆಮನೆ ಮತ್ತು ಹಿತ್ತಲ ಬಾಗಿಲು, ಮೇಲೆ ಶಹಾಬಾದ ಕಲ್ಲಿನ ಹಾಸು ಹೊದಿಸಿದ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಒಂದೇ ಓಣಿಯ ಮನೆಗಳ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದರ ಮೇಲಿನಿಂದ ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ. ಹೀಗಾಗಿ ಪಟ್ಟಣದ ಮನೆಯಲ್ಲಿ ಮುಂಬಾಗಿಲು ಎಷ್ಟು ಮುಖ್ಯವೋ ಇಲ್ಲಿ ಮಾಳಿಗೆಯ ಬೆಳಕಿಂಡಿ ಮತ್ತು ಮೆಟ್ಟಿಲ ಬಾಗಿಲು ಅಷ್ಟೇ ಮುಖ್ಯ.

ಸ್ಥಳದಂತೆ ಕಾಲವನ್ನೂ ಗಮನಿಸಬೇಕು. ತೊಗರಿಯ ರಾಶಿಯಾಗಿ ಮಾಲು ಮಾರಿದ ಮೇಲೆ ಮನೆಯಲ್ಲಿ ಹಣ ಇರುವ ದಿನಗಳು, ಮದುವೆಯ ಕಾಲದಲ್ಲಿ ಬಂಗಾರ ಹೊರಬರುವ ದಿನಗಳು, ಬೇಸಿಗೆಯಲ್ಲಿ ಸೆಕೆ ತಾಳದೆ ಮನೆಯವರೆಲ್ಲ ಮಾಳಿಗೆಯ ಮೇಲೋ ಅಂಗಳದಲ್ಲೋ ಮಲಗುವ ರಾತ್ರಿಗಳು, ದುಡಿಮೆಗಾಗಿ ಕುಟುಂಬವೇ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿ ಬಾಗಿಲಿಗೆ ಕೀಲಿ ಬೀಳುವ ತಿಂಗಳುಗಳು: ಒಂದೊಂದು ಕಾಲದ ಅಪಾಯವೂ ಬೇರೆ ಬೇರೆ. ಎಳ್ಳ ಅಮಾವಾಸ್ಯೆಯ ದಿನವಂತೂ ಊರಿಗೆ ಊರೇ ಬಂಡಿ ಕಟ್ಟಿಕೊಂಡು, ಈಗ ವಾಹನ ಏರಿಕೊಂಡು, ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತದೆ. ಹಾಡಹಗಲಿನಲ್ಲೇ ಓಣಿಗಳು ಬರಿದಾಗಿರುತ್ತವೆ. ಅಂದು ಕಳ್ಳಗಂಟೆ ಬಾರಿಸಿದರೆ ಕೇಳುವ ಕಿವಿ ಯಾವುದು? ಈ ಪ್ರಶ್ನೆಯನ್ನು ನೆನಪಿನಲ್ಲಿ ಇಟ್ಟುಕೊಂಡೇ ಮುಂದಿನ ವಿವರಗಳನ್ನು ಓದಬೇಕು.

ಕಳ್ಳಗಂಟೆಯ ಹುಟ್ಟು

ವಿದ್ಯುತ್ತಿನಿಂದ ನಡೆಯುವ ಕಳ್ಳಗಂಟೆಗೆ ಅಮೆರಿಕದ ಮ್ಯಾಸಚುಸೆಟ್ಸ್ ಸಂಸ್ಥಾನದ ಅಗಸ್ಟಸ್ ರಸೆಲ್ ಪೋಪ್ ಎಂಬಾತನು 1853ರ ಜೂನ್ 21ರಂದು ಪೇಟೆಂಟು ಪಡೆದನು. ಬಾಗಿಲು ಅಥವಾ ಕಿಟಕಿ ತೆರೆದೊಡನೆ ವಿದ್ಯುನ್ಮಂಡಲ ಪೂರ್ಣಗೊಂಡು ವಿದ್ಯುತ್ಕಾಂತವು ಸುತ್ತಿಗೆಯನ್ನು ಎಳೆದು ಗಂಟೆಯನ್ನು ಬಾರಿಸುತ್ತಿತ್ತು. 1857ರಲ್ಲಿ ಈ ಹಕ್ಕನ್ನು ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿಯು ಕೊಂಡು ಅದನ್ನು ಉದ್ಯಮವಾಗಿ ಬೆಳೆಸಿದನು. ಮನೆಯೊಳಗೆ ಬಾರಿಸುವ ಗಂಟೆಯಿಂದ ಮಾತ್ರ ಪ್ರಯೋಜನ ಅಷ್ಟಕ್ಕಷ್ಟೆ ಎಂಬುದು ಬೇಗನೆ ಮನದಟ್ಟಾಯಿತು. ಆದಕಾರಣ ಅನೇಕ ಮನೆ-ಅಂಗಡಿಗಳ ತಂತಿಗಳನ್ನು ಒಂದು ಕೇಂದ್ರ ಕಚೇರಿಗೆ ಎಳೆದು, ಅಲ್ಲಿ ರಾತ್ರಿಯಿಡೀ ಎಚ್ಚರವಿರುವ ಕಾವಲುಗಾರರನ್ನು ಇರಿಸುವ ಪದ್ಧತಿ ಬಳಕೆಗೆ ಬಂದಿತು. ತಂತಿಯ ಒಂದು ತುದಿಯಲ್ಲಿ ಬಾಗಿಲು ಇದ್ದರೆ ಇನ್ನೊಂದು ತುದಿಯಲ್ಲಿ ಮನುಷ್ಯ ಇರಲೇಬೇಕೆಂಬ ಪಾಠವು ಈ ಸಾಧನದ ಬಾಲ್ಯದಲ್ಲೇ ಕಲಿತದ್ದು.

ಇಂದು ಬಾಗಿಲುಗಳಿಗೆ ಅಳವಡಿಸುವ ರೀಡ್ ಸ್ವಿಚ್ಚನ್ನು ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದನು. ಗಾಜಿನ ಪುಟ್ಟ ನಳಿಕೆಯೊಳಗೆ ಕಬ್ಬಿಣ-ನಿಕ್ಕಲ್ ಮಿಶ್ರಲೋಹದ ಎರಡು ತೆಳು ಪಟ್ಟಿಗಳು ಒಂದಕ್ಕೊಂದು ತಾಗದಂತೆ ಎದುರುಬದುರಾಗಿ ಇರುತ್ತವೆ. ಅಯಸ್ಕಾಂತವು ಸಮೀಪಿಸಿದಾಗ ಪಟ್ಟಿಗಳು ಕಾಂತತ್ವ ಪಡೆದು ಪರಸ್ಪರ ಆಕರ್ಷಿತವಾಗಿ ಕೂಡಿಕೊಳ್ಳುತ್ತವೆ, ದೂರ ಸರಿದಾಗ ಬಿಡುತ್ತವೆ. ಧೂಳು ಮತ್ತು ತೇವ ಒಳಹೊಗಲಾರದ ಕಾರಣ ಇದು ಬಹುಕಾಲ ಬಾಳುತ್ತದೆ.

ಮೊದಲ ಹೆಜ್ಜೆ: ನಕ್ಷೆ ಮತ್ತು ಅಗುಳಿ

ಯೋಜನೆಯು ಒಂದು ಹಾಳೆ ಮತ್ತು ಒಂದು ಸೀಸದ ಕಡ್ಡಿಯಿಂದ ಆರಂಭವಾಗಬೇಕು. ಮನೆಯ ನಕ್ಷೆಯನ್ನು ಬರೆದು, ಒಬ್ಬ ಮನುಷ್ಯನ ದೇಹ ತೂರಬಲ್ಲ ಪ್ರತಿಯೊಂದು ತೆರಪನ್ನೂ ಗುರುತಿಸಬೇಕು. ಬಳಿಕ ಪ್ರತಿ ತೆರಪಿನ ಎದುರಿಗೆ ಮೂರು ಸಂಗತಿಗಳನ್ನು ಬರೆಯಬೇಕು: ಅದನ್ನು ಮುರಿಯಲು ಎಷ್ಟು ಹೊತ್ತು ಹಿಡಿಯುತ್ತದೆ, ಮುರಿಯುವಾಗ ನೆರೆಯವರಿಗೆ ಕಾಣುತ್ತದೆಯೇ, ಕೇಳುತ್ತದೆಯೇ. ಕಾಣದ, ಕೇಳದ ಮತ್ತು ಬೇಗನೆ ಮುರಿಯಬಲ್ಲ ತೆರಪೇ ಮೊದಲ ಗಮನಕ್ಕೆ ಅರ್ಹ. ಬಹುತೇಕ ಮನೆಗಳಲ್ಲಿ ಅದು ಮುಂಬಾಗಿಲಲ್ಲ, ಹಿತ್ತಲ ಬಾಗಿಲು.

ಗಂಟೆ ಕಳ್ಳನನ್ನು ತಡೆಯುವುದಿಲ್ಲ, ಅವನು ಬಂದುದನ್ನು ತಿಳಿಸುತ್ತದೆ ಅಷ್ಟೆ. ತಡೆಯುವ ಕೆಲಸ ಅಗುಳಿಯದು, ಚಿಲಕದ್ದು, ಸರಳಿನದು. ಗಂಟೆ ಬಾರಿಸಿದ ಕ್ಷಣದಿಂದ ಜನ ಕೂಡುವ ಕ್ಷಣದವರೆಗೆ ಕಳ್ಳನನ್ನು ಹಿಡಿದಿಡುವ ಬಲ ಇವುಗಳಿಗೆ ಇರಬೇಕು. ಆದ್ದರಿಂದ ತಂತಿ ಎಳೆಯುವ ಮೊದಲು ಹಿತ್ತಲ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ, ಬೆಳಕಿಂಡಿಗೆ ಕಬ್ಬಿಣದ ಜಾಲರಿ, ಕಿಟಕಿಗಳಿಗೆ ಭದ್ರವಾದ ಸರಳು ಮತ್ತು ಮುಂಬಾಗಿಲಿಗೆ ಹೊರಗೆ ಜೋತಾಡುವ ಕೀಲಿಯ ಬದಲು ಬಾಗಿಲೊಳಗೇ ಕೂಡಿಸಿದ ಕೀಲಿ ಇರುವಂತೆ ನೋಡಿಕೊಳ್ಳಬೇಕು. ಹೊರಗೆ ತೂಗುವ ಕೀಲಿಯು ಮನೆಯಲ್ಲಿ ಯಾರೂ ಇಲ್ಲವೆಂದು ದಾರಿಹೋಕರಿಗೆಲ್ಲ ಸಾರುತ್ತದೆ.

ಎರಡು ಬಗೆಯ ಮಂಡಲ

ಕಳ್ಳಗಂಟೆಯ ತಂತಿಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಮೊದಲನೆಯದು ತೆರೆದ ಮಂಡಲ. ಇದರಲ್ಲಿ ಬಾಗಿಲು ತೆರೆದಾಗ ಮಾತ್ರ ಪ್ರವಾಹ ಹರಿದು ಗಂಟೆ ಬಾರಿಸುತ್ತದೆ. ನೋಡಲು ಸರಳವಾದರೂ ಇದರಲ್ಲಿ ಒಂದು ದೊಡ್ಡ ದೋಷವಿದೆ. ಇಲಿ ತಂತಿಯನ್ನು ಕಡಿದರೂ, ಕಳ್ಳನು ಕತ್ತರಿಸಿದರೂ, ಒಂದು ಸ್ಕ್ರೂ ಸಡಿಲಾದರೂ ವ್ಯವಸ್ಥೆಯು ಸದ್ದಿಲ್ಲದೆ ಸತ್ತಿರುತ್ತದೆ, ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ.

ಎರಡನೆಯದು ಮುಚ್ಚಿದ ಮಂಡಲ. ಎಲ್ಲ ಬಾಗಿಲು-ಕಿಟಕಿಗಳ ಸ್ವಿಚ್ಚುಗಳನ್ನು ಒಂದೇ ಸರಣಿಯಲ್ಲಿ ಕೂಡಿಸಿ ಸಣ್ಣ ಪ್ರವಾಹವೊಂದು ಸದಾ ಹರಿಯುವಂತೆ ಮಾಡಲಾಗುತ್ತದೆ. ಈ ಪ್ರವಾಹವೇ 'ಎಲ್ಲವೂ ಕ್ಷೇಮ' ಎಂಬ ಸಂದೇಶ. ಬಾಗಿಲು ತೆರೆದರೂ, ತಂತಿ ತುಂಡಾದರೂ ಪ್ರವಾಹ ನಿಂತು ಗಂಟೆ ಬಾರಿಸುತ್ತದೆ. ಕೆಟ್ಟುಹೋದರೆ ಮೌನವಾಗದೆ ಕೂಗಿ ಹೇಳುವ ವ್ಯವಸ್ಥೆಯೇ ನಂಬಿಕೆಗೆ ಯೋಗ್ಯ. ಮನೆಗೆ ಈ ಎರಡನೆಯ ಬಗೆಯನ್ನೇ ಆರಿಸಿಕೊಳ್ಳಬೇಕು.

ಜೋಡಣೆಯ ಕ್ರಮ

ಬೇಕಾಗುವ ಸಾಮಗ್ರಿ ಇಷ್ಟು: 12 ವೋಲ್ಟಿನ, 7 ಆಂಪಿಯರ್-ಗಂಟೆ ಸಾಮರ್ಥ್ಯದ ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿ ಒಂದು, ಅದಕ್ಕೆ ತಕ್ಕ ಚಾರ್ಜರ್, ಎರಡು ಜೊತೆ ಸಂಪರ್ಕಗಳುಳ್ಳ 12 ವೋಲ್ಟಿನ ರಿಲೇ, ತೆರಪಿಗೊಂದರಂತೆ ರೀಡ್ ಸ್ವಿಚ್ ಮತ್ತು ಅಯಸ್ಕಾಂತ, 12 ವೋಲ್ಟಿನ ಸೈರನ್, 2 ಆಂಪಿಯರಿನ ಫ್ಯೂಜು, ಕೀಲಿಕೈಯಿಂದ ತಿರುಗಿಸುವ ಎರಡು ಸ್ವಿಚ್ಚು, ಒಂದು ಒತ್ತುಗುಂಡಿ, 1ಎನ್4007 ಎಂಬ ಡಯೋಡು ಮತ್ತು ಎರಡೆಳೆಯ ತಾಮ್ರದ ತಂತಿ.

ಬ್ಯಾಟರಿಯ ಧನ ತುದಿಯಿಂದ ಹೊರಟ ತಂತಿ ಫ್ಯೂಜು ಮತ್ತು ಮುಖ್ಯ ಸ್ವಿಚ್ಚನ್ನು ದಾಟಿದ ಮೇಲೆ ಎರಡು ಕವಲಾಗುತ್ತದೆ. ಮೊದಲ ಕವಲು ಎಲ್ಲ ರೀಡ್ ಸ್ವಿಚ್ಚುಗಳ ಸರಣಿಯನ್ನು ಸುತ್ತಿ ಬಂದು, ರಿಲೇಯ ಸ್ವಂತ ಸಂಪರ್ಕಗಳಲ್ಲಿ ಒಂದರ ಮೂಲಕ ರಿಲೇಯ ಸುರುಳಿಯನ್ನು ಸೇರಿ, ಅಲ್ಲಿಂದ ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ಈ ಸಂಪರ್ಕವು ರಿಲೇ ಎಳೆದುಕೊಂಡಾಗ ಮಾತ್ರ ಕೂಡುವಂಥದ್ದಾಗಿರಬೇಕು, ಅದಕ್ಕೆ ಸಮಾಂತರವಾಗಿ ಒತ್ತುಗುಂಡಿ ಇರಬೇಕು. ಎರಡನೆಯ ಕವಲು ರಿಲೇಯ ಇನ್ನೊಂದು ಸಂಪರ್ಕದ ಮೂಲಕ ಸೈರನ್ನಿಗೆ ಹೋಗಿ ಋಣ ತುದಿಯನ್ನು ಸೇರುತ್ತದೆ. ಈ ಸಂಪರ್ಕವು ರಿಲೇ ಬಿಟ್ಟಾಗ ಕೂಡುವಂಥದ್ದು.

ಇದರ ಕೆಲಸವನ್ನು ಹೀಗೆ ತಿಳಿಯಬಹುದು. ಎಲ್ಲ ಬಾಗಿಲು ಮುಚ್ಚಿ, ಗುಂಡಿಯನ್ನು ಒತ್ತಿಹಿಡಿದೇ ಮುಖ್ಯ ಸ್ವಿಚ್ಚನ್ನು ತಿರುಗಿಸಬೇಕು. ಆಗ ರಿಲೇ ಎಳೆದುಕೊಂಡು ತನ್ನ ಸಂಪರ್ಕದ ಮೂಲಕ ತನಗೆ ತಾನೇ ಪ್ರವಾಹ ಒದಗಿಸಿಕೊಳ್ಳುತ್ತದೆ. ಗುಂಡಿಯನ್ನು ಬಿಟ್ಟರೂ ಅದು ಹಾಗೆಯೇ ನಿಂತಿರುತ್ತದೆ, ಸೈರನ್ ಮೌನವಾಗಿರುತ್ತದೆ. ಯಾವುದೋ ಬಾಗಿಲು ತೆರೆದೊಡನೆ ಸರಣಿ ಕಡಿದು, ರಿಲೇ ಬಿಟ್ಟು, ಸೈರನ್ ಕೂಗುತ್ತದೆ. ಕಳ್ಳನು ಗಾಬರಿಯಿಂದ ಬಾಗಿಲನ್ನು ಮರಳಿ ಮುಚ್ಚಿದರೂ ರಿಲೇಯ ಸ್ವಂತ ಸಂಪರ್ಕ ಈಗಾಗಲೇ ಬಿಟ್ಟಿರುವುದರಿಂದ ಕೂಗು ನಿಲ್ಲುವುದಿಲ್ಲ. ರಾತ್ರಿ ವ್ಯವಸ್ಥೆಯನ್ನು ಹೂಡುವಾಗ ಯಾವುದಾದರೊಂದು ಕಿಟಕಿ ತೆರೆದು ಉಳಿದಿದ್ದರೆ ಗುಂಡಿ ಒತ್ತಿದ್ದರೂ ಸೈರನ್ ಕೂಗುತ್ತದೆ. ಮನೆಯವರ ಮರೆವನ್ನೂ ಅದು ತೋರಿಸಿಕೊಡುತ್ತದೆ.

ರಿಲೇಯ ಸುರುಳಿಗೆ ಡಯೋಡನ್ನು ತಿರುವುಮುರುವಾಗಿ, ಅಂದರೆ ಅದರ ಬಿಳಿ ಪಟ್ಟಿಯ ತುದಿ ಧನದ ಕಡೆಗೆ ಬರುವಂತೆ, ಅಡ್ಡವಾಗಿ ಕೂಡಿಸಬೇಕು. ಪ್ರವಾಹ ಒಮ್ಮೆಲೇ ಕಡಿದಾಗ ಸುರುಳಿಯಲ್ಲಿ ಹುಟ್ಟುವ ಅಧಿಕ ವೋಲ್ಟೇಜು ರೀಡ್ ಸ್ವಿಚ್ಚಿನ ತೆಳು ಪಟ್ಟಿಗಳಲ್ಲಿ ಕಿಡಿ ಹಾರಿಸಿ ಅವನ್ನು ಹಾಳುಮಾಡದಂತೆ ಇದು ಕಾಯುತ್ತದೆ.

ಮನೆಯವರು ಹೊರಗೆ ಹೋಗುವಾಗ ಏನು ಮಾಡಬೇಕು? ಮುಂಬಾಗಿಲಿನ ರೀಡ್ ಸ್ವಿಚ್ಚಿಗೆ ಸಮಾಂತರವಾಗಿ ಎರಡನೆಯ ಕೀಲಿಕೈ-ಸ್ವಿಚ್ಚನ್ನು ಜೋಡಿಸಿ ಅದರ ಮುಖವನ್ನು ಹೊರಗಿನ ಚೌಕಟ್ಟಿನಲ್ಲಿ ಕೂಡಿಸಬೇಕು. ಅದನ್ನು ಕೂಡಿಸಿಟ್ಟಿರುವಷ್ಟು ಹೊತ್ತು ಮುಂಬಾಗಿಲು ತೆರೆದರೂ ಸರಣಿ ಕಡಿಯದು. ಒಳಗೆ ವ್ಯವಸ್ಥೆಯನ್ನು ಹೂಡಿ, ಹೊರಬಂದು ಬಾಗಿಲು ಮುಚ್ಚಿ, ಬಳಿಕ ಈ ಸ್ವಿಚ್ಚನ್ನು ಬಿಡಿಸಿದರಾಯಿತು. ಮರಳಿ ಬಂದಾಗ ಮೊದಲು ಅದನ್ನು ಕೂಡಿಸಿ ಅನಂತರ ಬಾಗಿಲು ತೆರೆಯಬೇಕು. ಜಾಣ ಕಳ್ಳನು ಈ ಸ್ವಿಚ್ಚನ್ನು ಕಿತ್ತು ಅದರ ತಂತಿಗಳನ್ನು ಹೆಣೆದರೆ ಮುಂಬಾಗಿಲು ಕಾವಲು ಕಳೆದುಕೊಳ್ಳುತ್ತದೆ. ಆದಕಾರಣ ತಿಜೋರಿಯ ಒಳಕೋಣೆಯ ಬಾಗಿಲಿಗೂ ಒಂದು ರೀಡ್ ಸ್ವಿಚ್ ಇರಲೇಬೇಕು. ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೆಯೇ ಆ ಕೋಣೆಯನ್ನು ತೆರೆಯುವ ರೂಢಿ ಮನೆಯವರಿಗೆ ಇರಬೇಕು. ಗೋಡೆಗೆ ಕನ್ನ ಕೊರೆದು ಬಂದವನೂ ಈ ಒಳಬಾಗಿಲಿನಲ್ಲಿ ಸಿಕ್ಕಿಬೀಳುತ್ತಾನೆ. ಪೇಟೆಯ ಸಿದ್ಧ ಪೆಟ್ಟಿಗೆಗಳಲ್ಲಿ ಈ ಎರಡನೆಯ ಸ್ವಿಚ್ಚಿನ ಬದಲು, ಬಾಗಿಲು ತೆರೆದ ಅರ್ಧ ನಿಮಿಷದವರೆಗೆ ಕೂಗದೆ ಕಾಯುವ ಏರ್ಪಾಡು ಇರುತ್ತದೆ.

ಬೆಳಕಿಂಡಿಗೆ ರೀಡ್ ಸ್ವಿಚ್ ಹೊಂದುವುದಿಲ್ಲ. ಅಲ್ಲಿನ ಜಾಲರಿಯ ಒಳಬದಿಗೆ ಮರದ ಚೌಕಟ್ಟೊಂದನ್ನು ಕೂಡಿಸಿ, ಅದರ ಮೇಲೆ ಎನಾಮಲ್ ಲೇಪದ ತೆಳು ತಾಮ್ರದ ತಂತಿಯನ್ನು ಅಡ್ಡಡ್ಡವಾಗಿ ಹೆಣೆದು ಸರಣಿಗೆ ಸೇರಿಸಬೇಕು. ಅದನ್ನು ಹರಿಯದೆ ಯಾರೂ ಕೆಳಗೆ ಇಳಿಯಲಾರರು.

ಬ್ಯಾಟರಿಯ ಲೆಕ್ಕ

ಈ ಭಾಗದ ಹಳ್ಳಿಗಳಲ್ಲಿ ಜೆಸ್ಕಾಂ ವಿದ್ಯುತ್ತು ದಿನದ ಎಲ್ಲ ಹೊತ್ತೂ ಇರುತ್ತದೆಂದು ನಂಬಿ ಯೋಜನೆ ಮಾಡಲಾಗದು. ಮಳೆ-ಗಾಳಿಯ ರಾತ್ರಿಯ ಕತ್ತಲೆಯೇ ಕಳ್ಳನಿಗೆ ಅನುಕೂಲ. ಆದ್ದರಿಂದ ಬ್ಯಾಟರಿಯೇ ಮುಖ್ಯ ಆಧಾರ, ಚಾರ್ಜರ್ ಅದಕ್ಕೆ ಊಟ ಬಡಿಸುವ ಸಾಧನ ಮಾತ್ರ.

ರಿಲೇಯ ಸುರುಳಿಯ ರೋಧ 400 ಓಮ್ ಎಂದಿಟ್ಟುಕೊಳ್ಳುವುದಾದರೆ, ಓಮನ ನಿಯಮದಂತೆ ಪ್ರವಾಹ 12 ÷ 400 = 0.03 ಆಂಪಿಯರ್. ಅರ್ಧ ಚದರ ಮಿಲಿಮೀಟರು ದಪ್ಪದ 40 ಮೀಟರು ತಾಮ್ರದ ತಂತಿಯ ರೋಧ ಒಂದೂವರೆ ಓಮಿನಷ್ಟು ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. 7 ಆಂಪಿಯರ್-ಗಂಟೆಯ ಬ್ಯಾಟರಿಯು ಪುಸ್ತಕದ ಲೆಕ್ಕದಂತೆ 7 ÷ 0.03, ಅಂದರೆ ಸುಮಾರು 233 ಗಂಟೆ ನಡೆಸಬೇಕು. ಬ್ಯಾಟರಿಯನ್ನು ಪೂರ್ತಿ ಬರಿದುಮಾಡುವುದು ಅದರ ಆಯುಸ್ಸಿಗೆ ಕೇಡು. ಅರ್ಧವನ್ನಷ್ಟೇ ನೆಚ್ಚಿದರೂ ವಿದ್ಯುತ್ತಿಲ್ಲದೆ ನಾಲ್ಕು ದಿನ ನಿಶ್ಚಿಂತೆಯಿಂದ ಕಳೆಯಬಹುದು. ಒಂದು ಆಂಪಿಯರ್ ಎಳೆಯುವ ಸೈರನ್ ಹತ್ತು ನಿಮಿಷ ಕೂಗಿದರೆ ವ್ಯಯವಾಗುವುದು 0.17 ಆಂಪಿಯರ್-ಗಂಟೆ ಮಾತ್ರ. ಆದರೆ ಯಾರೂ ಆರಿಸದೆ ರಾತ್ರಿಯಿಡೀ ಕೂಗಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತದೆ. ಇದನ್ನು ತಪ್ಪಿಸಲು ಹತ್ತು ನಿಮಿಷಕ್ಕೆ ನಿಲ್ಲಿಸುವ ಟೈಮರ್ ಸೇರಿಸುವುದು ಒಳ್ಳೆಯದು. ವಸತಿ ಪ್ರದೇಶಗಳಲ್ಲಿ ರಾತ್ರಿಯ ಶಬ್ದಕ್ಕೆ 2000ನೆಯ ಇಸವಿಯ ನಿಯಮಗಳು 45 ಡೆಸಿಬೆಲ್ ಮಿತಿ ಹಾಕಿವೆ. ಕಾರಣವಿಲ್ಲದೆ ಗಂಟೆಗಟ್ಟಲೆ ಕೂಗುವ ಸೈರನ್ ಓಣಿಗೇ ಉಪದ್ರವ.

ಬಿಸಿಲು ಮತ್ತು ಎರೆನೆಲ

ಪೇಟೆಯ ಪುಸ್ತಿಕೆಗಳಲ್ಲಿ ಇರದ, ಆದರೆ ಈ ಸೀಮೆಯಲ್ಲಿ ಮರೆಯಲಾಗದ ಮೂರು ಸಂಗತಿಗಳಿವೆ.

ಮೊದಲನೆಯದು ಬ್ಯಾಟರಿಯ ಸ್ಥಾನ. ಲೆಡ್-ಆಸಿಡ್ ಬ್ಯಾಟರಿಯ ಆಯುಸ್ಸನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ, ಕಾದ ಮಾಳಿಗೆಯ ಕೆಳಗೆ ಅಟ್ಟದ ಮೇಲೆ ಬ್ಯಾಟರಿಯನ್ನು ಇಡುವುದು ದುಡ್ಡನ್ನು ಸುಟ್ಟಂತೆ. ಒಳಕೋಣೆಯ ನೆಲದ ಸಮೀಪ, ಗಾಳಿಯಾಡುವ ತಂಪಾದ ಮೂಲೆಯೇ ಅದಕ್ಕೆ ತಕ್ಕ ಜಾಗ.

ಎರಡನೆಯದು ಬಾಗಿಲಿನ ಚಲನೆ. ಎರೆನೆಲವು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಬಾಗಿಲ ಚೌಕಟ್ಟೂ ವರ್ಷದಲ್ಲಿ ತುಸು ಸರಿದಾಡುತ್ತವೆ, ಕಟ್ಟಿಗೆಯ ಬಾಗಿಲೂ ತೇವಕ್ಕೆ ಉಬ್ಬುತ್ತದೆ. ರೀಡ್ ಸ್ವಿಚ್ ಮತ್ತು ಅಯಸ್ಕಾಂತಗಳ ನಡುವೆ ಹದಿನೈದು ಮಿಲಿಮೀಟರಿನ ಅಂತರ ನಡೆಯುತ್ತದೆಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದನ್ನು ಐದಾರು ಮಿಲಿಮೀಟರಿಗೇ ಕೂಡಿಸಬೇಕು. ಹಾಗಾದರೆ ಋತು ಬದಲಾದಾಗ ಸುಳ್ಳು ಕೂಗು ಏಳುವುದಿಲ್ಲ. ಕಬ್ಬಿಣದ ಬಾಗಿಲಾದರೆ ಅದು ಅಯಸ್ಕಾಂತದ ಬಲರೇಖೆಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಆದ್ದರಿಂದ ಅಯಸ್ಕಾಂತದ ಕೆಳಗೆ ಮರದ ಅಥವಾ ಪ್ಲಾಸ್ಟಿಕ್ಕಿನ ತುಂಡನ್ನು ಇಟ್ಟು ಕೂಡಿಸಬೇಕು.

ಮೂರನೆಯದು ಚಲನೆಯನ್ನು ಗುರುತಿಸುವ 'ಪಿಐಆರ್' ಎಂಬ ಕಣ್ಣು. ಮನುಷ್ಯನ ದೇಹದಿಂದ ಹೊಮ್ಮುವ ಅವಕೆಂಪು ಕಿರಣಗಳನ್ನು ಇದು ಗ್ರಹಿಸುತ್ತದೆ. ದೇಹದ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ಅಂತರವೇ ಇದರ ಆಧಾರ. ಚಳಿಗಾಲದ ರಾತ್ರಿ ಇದು ತೀಕ್ಷ್ಣವಾಗಿ ಕೆಲಸ ಮಾಡುತ್ತದೆ. ಆದರೆ ಮೇ ತಿಂಗಳ ರಾತ್ರಿ ಹಗಲೆಲ್ಲ ಕಾದ ಕಲ್ಲಿನ ಗೋಡೆ-ಮಾಳಿಗೆಗಳು ಬಿಸಿಯನ್ನು ಹೊರಬಿಡುತ್ತಿರುವಾಗ, ಕೋಣೆಯ ಉಷ್ಣತೆ ಮೈಬಿಸಿಯ ಸಮೀಪಕ್ಕೆ ಬಂದರೆ, ಈ ಕಣ್ಣು ಮಂಜಾಗುತ್ತದೆ. ಕೋಣೆಯಲ್ಲಿ ಬೆಕ್ಕು ಓಡಾಡಿದರೂ ಇದು ಮೋಸ ಹೋಗಬಹುದು. ಹೀಗಾಗಿ ಈ ಸೀಮೆಯಲ್ಲಿ ಪಿಐಆರ್ ಸಹಾಯಕನಾಗಿರಲಿ, ಮುಖ್ಯ ಕಾವಲು ಬಾಗಿಲ ಸ್ವಿಚ್ಚುಗಳದ್ದೇ ಆಗಿರಲಿ.

ಎಂದೂ ಮಾಡಬಾರದ ಕೆಲಸ

ಕಳ್ಳನಿಗೆ ಬುದ್ಧಿ ಕಲಿಸಬೇಕೆಂಬ ಸಿಟ್ಟಿನಿಂದ ಬಾಗಿಲ ಚಿಲಕಕ್ಕೋ ಹಿತ್ತಲ ಬೇಲಿಗೋ 230 ವೋಲ್ಟಿನ ಮನೆಯ ವಿದ್ಯುತ್ತನ್ನು ನೇರವಾಗಿ ಹರಿಸುವ ಯೋಚನೆ ಕೆಲವರಿಗೆ ಬರುತ್ತದೆ. ಇದು ಯಾವ ಕಾರಣಕ್ಕೂ ಕೂಡದು. ಕತ್ತಲೆಯಲ್ಲಿ ಆ ಚಿಲಕವನ್ನು ಮೊದಲು ಮುಟ್ಟುವುದು ಕಳ್ಳನಾಗಿರದೆ ನೀರಿಗೆ ಎದ್ದ ತಾಯಿಯೋ, ಆಟದ ಚೆಂಡು ಹುಡುಕಿಕೊಂಡು ಬಂದ ಪಕ್ಕದ ಮನೆಯ ಮಗುವೋ, ಬೆಂಕಿ ಬಿದ್ದಾಗ ನೆರವಿಗೆ ಓಡಿಬಂದ ನೆರೆಯವನೋ ಆಗಿರಬಹುದು. ಹೊಲಕ್ಕೆ ಹಂದಿ ಬಾರದಿರಲೆಂದು ಹಾಯಿಸಿದ ವಿದ್ಯುತ್ ತಂತಿಗೆ ಮನುಷ್ಯರೇ ಬಲಿಯಾದ ಸುದ್ದಿಗಳು ಪತ್ರಿಕೆಗಳ ಓದುಗರಿಗೆ ಹೊಸವಲ್ಲ.

ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ವಾಸದ ಮನೆಯಲ್ಲಿ ಮಾಡುವ ಕಳವಿಗೆ 305ನೆಯ ಕಲಮಿನಲ್ಲಿ ಏಳು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದೆ. ಸ್ವತ್ತಿನ ರಕ್ಷಣೆಯ ಹಕ್ಕನ್ನೂ ಅದು ಮಾನ್ಯ ಮಾಡಿದೆ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಕಳ್ಳಗಂಟೆಯಲ್ಲಿ ಮನುಷ್ಯರ ಕೈಗೆ ತಾಗಬಲ್ಲ ಭಾಗಗಳಲ್ಲೆಲ್ಲ 12 ವೋಲ್ಟು ಮಾತ್ರ ಇರಬೇಕು. ಚಾರ್ಜರಿನ 230 ವೋಲ್ಟಿನ ಬದಿಯ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು.

ಕೇಳುವ ಕಿವಿ

ಸೈರನ್ನನ್ನು ಎಲ್ಲಿ ಕೂಡಿಸಬೇಕೆಂಬುದು ಯೋಜನೆಯ ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದ ಪ್ರಶ್ನೆಯೂ ಅದೇ. ಒಂದು ಸೈರನ್ ಮನೆಯೊಳಗೆ, ಇನ್ನೊಂದು ಕೈಗೆಟುಕದ ಎತ್ತರದಲ್ಲಿ, ಓಣಿಯ ಕಡೆ ಮುಖಮಾಡಿ ಇರಬೇಕು. ಒಂದರ ತಂತಿ ಕಡಿದರೆ ಇನ್ನೊಂದು ಕೂಗುತ್ತದೆ. ಆದರೆ ಕೂಗು ಕೇಳಿದವರು ಏನು ಮಾಡಬೇಕೆಂಬುದು ಮೊದಲೇ ಗೊತ್ತಿರದಿದ್ದರೆ ಅವರು ಹೊದಿಕೆ ಎಳೆದುಕೊಂಡು ಮಲಗುತ್ತಾರೆ. 'ಹುಲಿ ಬಂತು ಹುಲಿ' ಎಂದು ಸುಳ್ಳೇ ಕೂಗಿದ ಹುಡುಗನ ಕತೆಯಂತೆ, ಬೆಕ್ಕಿಗೂ ಗಾಳಿಗೂ ನಾಲ್ಕು ಬಾರಿ ಕೂಗಿದ ಸೈರನ್ನಿಗೆ ಐದನೆಯ ಬಾರಿ ಯಾರೂ ಏಳುವುದಿಲ್ಲ. ಸುಳ್ಳು ಕೂಗನ್ನು ನಿವಾರಿಸಲು ಪಟ್ಟ ಪ್ರತಿಯೊಂದು ಶ್ರಮವೂ ನೆರೆಯವರ ನಂಬಿಕೆಯನ್ನು ಉಳಿಸಿಕೊಳ್ಳುವ ಶ್ರಮವೇ.

ಹಿಂದೆ ಊರಿನ ತಳವಾರನು ರಾತ್ರಿ ಗಸ್ತು ತಿರುಗುತ್ತಿದ್ದ ಕಾಲದಲ್ಲಿ ಈ ಕೆಲಸ ಅವನದಾಗಿತ್ತು. ಇಂದು ಅದನ್ನು ಓಣಿಯವರೇ ಹಂಚಿಕೊಳ್ಳಬೇಕು. ವ್ಯವಸ್ಥೆ ಜೋಡಿಸಿದ ಮನೆಯವರು ಸುತ್ತಲಿನ ನಾಲ್ಕು ಮನೆಗಳವರನ್ನು ಕರೆದು ಒಮ್ಮೆ ಸೈರನ್ ಕೂಗಿಸಿ ಅದರ ದನಿಯನ್ನು ಪರಿಚಯಿಸಬೇಕು. ಕೇಳಿದೊಡನೆ ದೀಪ ಹಾಕುವುದು, ಒಬ್ಬರೇ ಹೊರಗೆ ಹೋಗದೆ ಮೊದಲು ಕೂಗಿ ನಾಲ್ವರನ್ನು ಎಬ್ಬಿಸುವುದು, 112ಕ್ಕೆ ಕರೆ ಮಾಡುವುದು, ಕಳ್ಳನ ದಾರಿಗೆ ಅಡ್ಡ ನಿಲ್ಲದೆ ಅವನ ಚಹರೆ ಮತ್ತು ಹೋದ ದಿಕ್ಕನ್ನು ಗಮನಿಸುವುದು: ಈ ನಾಲ್ಕು ಮಾತುಗಳು ಓಣಿಯ ಒಪ್ಪಂದವಾಗಬೇಕು. ಒಡವೆಗಾಗಿ ಯಾರ ಜೀವವೂ ಹೋಗಬಾರದು. ಹಲವು ದಿನ ಮನೆಗೆ ಕೀಲಿ ಹಾಕಿ ಹೋಗುವವರು ಠಾಣೆಗೂ ಬೀಟಿನ ಪೊಲೀಸರಿಗೂ ತಿಳಿಸಿ ಹೋಗುವುದು ಲೇಸು. ಕರ್ನಾಟಕ ಪೊಲೀಸರು 2025ರಲ್ಲಿ ಆರಂಭಿಸಿದ 'ಮನೆ ಮನೆಗೆ ಪೊಲೀಸ್' ಏರ್ಪಾಡಿನ ಉದ್ದೇಶವೂ ಬೀಟಿನ ಸಿಬ್ಬಂದಿಗೆ ಮನೆಮನೆಯ ಪರಿಚಯವಿರಬೇಕೆಂಬುದೇ.

ಊರೇ ಬರಿದಾಗುವ ದಿನಗಳಿಗೆ ಬೇರೆ ಉಪಾಯ ಬೇಕು. ಸಿಮ್ ಕಾರ್ಡು ಹಾಕಿದ ಸಣ್ಣ ಪೆಟ್ಟಿಗೆಯನ್ನು ಸೈರನ್ನಿನ ಕವಲಿಗೆ ಜೋಡಿಸಿದರೆ, ಮೊದಲೇ ತುಂಬಿಸಿಟ್ಟ ನಾಲ್ಕಾರು ಸಂಖ್ಯೆಗಳಿಗೆ ಅದು ತಾನಾಗಿಯೇ ಕರೆ ಮಾಡುತ್ತದೆ. ದಪ್ಪ ಕಲ್ಲಿನ ಗೋಡೆಯೊಳಗೆ ಮೊಬೈಲಿನ ಸಂಕೇತ ಕುಂದುವುದರಿಂದ ಅದರ ಆಂಟೆನಾವನ್ನು ಕಿಟಕಿಯ ಬಳಿಗೆ ತರಬೇಕು. ಆದರೂ ಗುಳೆ ಹೋಗಿ ಪುಣೆಯಲ್ಲಿರುವವನಿಗೆ ನಡುರಾತ್ರಿ ಕರೆ ಬಂದರೆ ಅವನು ಅಲ್ಲಿಂದ ಮಾಡಬಹುದಾದುದು ಊರಲ್ಲಿರುವ ಒಬ್ಬರನ್ನು ಎಬ್ಬಿಸುವುದು ಮಾತ್ರ. ಆ ಒಬ್ಬರ ಸಂಖ್ಯೆಯೇ ಪಟ್ಟಿಯಲ್ಲಿ ಮೊದಲನೆಯದಾಗಿರಬೇಕು. ಎಳ್ಳ ಅಮಾವಾಸ್ಯೆಯಂದು ಓಣಿಗೊಬ್ಬರಾದರೂ ಸರದಿಯಂತೆ ಊರಲ್ಲಿ ಉಳಿದು, ಅವರ ಪಾಲಿನ ಊಟವನ್ನು ಹೊಲದಿಂದ ತಂದುಕೊಡುವ ಏರ್ಪಾಡು ಯಾವ ಯಂತ್ರಕ್ಕೂ ಕಡಿಮೆಯದಲ್ಲ.

ಶಾಲೆಯಲ್ಲಿ ಪ್ರಯೋಗ

ಈ ಇಡೀ ವ್ಯವಸ್ಥೆಯ ಚಿಕ್ಕ ಮಾದರಿಯನ್ನು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಎರಡು ತರಗತಿಗಳ ಅವಧಿಯಲ್ಲಿ ಮಾಡಬಹುದು. ನಾಲ್ಕು ಒಣಕೋಶಗಳು, 6 ವೋಲ್ಟಿನ ರಿಲೇ, ಒಂದು ಬಜರ್, ಎರಡು ರೀಡ್ ಸ್ವಿಚ್ ಮತ್ತು ರಟ್ಟಿನಿಂದ ಮಾಡಿದ ಮನೆಯೊಂದು ಸಾಕು. ಮೊದಲು ತೆರೆದ ಮಂಡಲವನ್ನು ಜೋಡಿಸಿ, ವಿದ್ಯಾರ್ಥಿಯೊಬ್ಬನಿಗೆ ತಂತಿ ಕಡಿಯಲು ಹೇಳಿ, ಗಂಟೆ ಮೂಕವಾಗುವುದನ್ನು ತೋರಿಸಬೇಕು. ಬಳಿಕ ಮುಚ್ಚಿದ ಮಂಡಲದಲ್ಲಿ ಅದೇ ತಂತಿಯನ್ನು ಕಡಿಸಬೇಕು. ಸರಣಿ ಜೋಡಣೆ, ಸಮಾಂತರ ಜೋಡಣೆ, ವಿದ್ಯುತ್ಕಾಂತ, ಓಮನ ನಿಯಮ ಎಂಬ ನಾಲ್ಕು ಪಾಠಗಳು ಮಕ್ಕಳ ಕೈಬೆರಳುಗಳಲ್ಲಿ ಉಳಿಯುತ್ತವೆ. ಪ್ರಯೋಗವು ಒಣಕೋಶಗಳಿಂದಲೇ ನಡೆಯಬೇಕು, ಗೋಡೆಯ ಪ್ಲಗ್ಗಿನಿಂದಲ್ಲ. ಹೀಗೆ ಕಲಿತ ಮಕ್ಕಳು ಶಾಲೆಯ ಗ್ರಂಥಾಲಯಕ್ಕೂ ಗಣಕಯಂತ್ರಗಳ ಕೋಣೆಗೂ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಇಂಥ ಗಂಟೆಯೊಂದನ್ನು ಜೋಡಿಸಿದರೆ, ದಾನಿಗಳು ಕೊಟ್ಟ ವಸ್ತುಗಳಿಗೆ ಕಾವಲೂ ಆಯಿತು, ವಿದ್ಯೆಗೆ ಸಾರ್ಥಕತೆಯೂ ಆಯಿತು.

ನಿರ್ವಹಣೆ

ಜೋಡಿಸಿ ಮರೆತ ಗಂಟೆಗೆ ಆಯುಸ್ಸು ಕಡಿಮೆ. ತಿಂಗಳಿಗೊಮ್ಮೆ, ನೆರೆಯವರಿಗೆ ತಿಳಿಸಿ, ಒಂದೊಂದೇ ಬಾಗಿಲನ್ನು ತೆರೆದು ಸೈರನ್ ಕೂಗುವುದೇ ಎಂದು ಪರೀಕ್ಷಿಸಬೇಕು. ಚಾರ್ಜರನ್ನು ಬಿಡಿಸಿ ಬ್ಯಾಟರಿಯ ಮೇಲೆಯೇ ಒಂದು ರಾತ್ರಿ ನಡೆಸಿ ನೋಡಬೇಕು. ಮಳೆಗಾಲದ ಆರಂಭದಲ್ಲೂ ಬೇಸಿಗೆಯ ಆರಂಭದಲ್ಲೂ ಅಯಸ್ಕಾಂತದ ಅಂತರವನ್ನು ಅಳೆಯಬೇಕು. ಬೆಳಕಿಂಡಿಯ ತಂತಿಯ ಮೇಲಿನ ಧೂಳನ್ನು ಒರೆಸಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಬ್ಯಾಟರಿಯನ್ನು ಬದಲಿಸುವ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಪರೀಕ್ಷೆಯ ದಿನಾಂಕಗಳನ್ನು ಬರೆದಿಡಲು ಪೆಟ್ಟಿಗೆಯ ಒಳಬದಿಗೆ ಒಂದು ಕಾಗದ ಅಂಟಿಸಿದರೆ ಮರೆವು ಆಗದು.

ಹೀಗೆ ನಕ್ಷೆ, ಅಗುಳಿ, ಮುಚ್ಚಿದ ಮಂಡಲ, ಬ್ಯಾಟರಿ, ನೆರೆಯ ಒಪ್ಪಂದ ಎಂಬ ಐದು ಅಂಗಗಳು ಕೂಡಿದಾಗ ಮಾತ್ರ ಕಳ್ಳಗಂಟೆಯು ಪೂರ್ಣವಾಗುತ್ತದೆ. ಮೊದಲ ನಾಲ್ಕನ್ನು ಅಂಗಡಿಯಿಂದಲೂ ವಿದ್ಯೆಯಿಂದಲೂ ಪಡೆಯಬಹುದು. ಐದನೆಯದನ್ನು ಮಾತ್ರ ಕಟ್ಟೆಯ ಮೇಲೆ ಕುಳಿತು ಮಾತನಾಡಿಯೇ ಗಳಿಸಬೇಕು. ಅದು ಇಲ್ಲದಿದ್ದರೆ ಉಳಿದ ನಾಲ್ಕರಿಂದ ಆಗುವುದು ಬರಿಯ ಸದ್ದು.